ಒರೆಸುವ ಮೊದಲು ಓದಿ: ಮನೆತನದ ಕತ್ತಿ, ಕವಚಗಳ ಶುಚಿ ಮತ್ತು ಬೆಲೆ

ಹಿರಿಯರಿಂದ ಬಂದ ಕತ್ತಿ ಕೈಸೇರಿದಾಗ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ: ಇದರ ತುಕ್ಕು ತೆಗೆಯುವುದು ಹೇಗೆ, ಇದಕ್ಕೆ ಎಷ್ಟು ಬೆಲೆ ಬಂದೀತು. ಹೆಚ್ಚಿನವರು ಮೊದಲು ತಿಕ್ಕಿ ಹೊಳೆಸಿ, ಆಮೇಲೆ ಬೆಲೆ ಕೇಳಲು ಹೊರಡುತ್ತಾರೆ. ಅಷ್ಟು ಹೊತ್ತಿಗೆ ಬೆಲೆ ಕಟ್ಟುವವರು ನೋಡಬೇಕಾದದ್ದರಲ್ಲಿ ಬಹಳಷ್ಟು ಅಳಿಸಿಹೋಗಿರುತ್ತದೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ. ಹಳೆಯ ಆಯುಧದ ವಯಸ್ಸು, ಅದು ಹುಟ್ಟಿದ ಊರು, ಮಾಡಿದವರ ಗುರುತು, ಅಸಲಿಯೋ ನಕಲಿಯೋ ಎಂಬುದು ಬಹುಪಾಲು ತಿಳಿಯುವುದು ಅದರ ಮೇಲ್ಮೈಯ ತೆಳ್ಳನೆ ಪದರದಿಂದ. ಶುಚಿ ಮಾಡುವವರು ಕೈಯಿಡುವುದೂ ಅದೇ ಪದರದ ಮೇಲೆ. ಅಲ್ಲಿಂದ ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹಾಗಾಗಿ ಮೊದಲು ಓದಿ, ಆಮೇಲೆ ಒರೆಸಿ.

ಎಲ್ಲಕ್ಕಿಂತ ಮುಂಚೆ ಹಿಡಿಯುವ ಬಗೆಯನ್ನು ನೋಡೋಣ, ಏಕೆಂದರೆ ಗಾಯವಾಗುವುದು ಇಲ್ಲೇ. ನೂರಾರು ವರ್ಷ ಒರೆಯಲ್ಲಿದ್ದ ಅಲಗು ಮೊಂಡಾಗಿರುತ್ತದೆ ಎಂದುಕೊಳ್ಳಬೇಡಿ. ಮರದ ಒರೆಯೆಂದರೆ ಎರಡು ಹೋಳುಗಳನ್ನು ಅಂಟಿಸಿ ಮಾಡಿದ್ದು. ಅಂಟು ಒಣಗಿ ಬಿರುಕು ಬಿಟ್ಟಿದ್ದರೆ, ಎಳೆಯುವಾಗ ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಆ ಬಿರುಕಿನಿಂದ ಹೊರಬಂದು ಒರೆಯ ಸುತ್ತ ಬಿಗಿದ ಬೆರಳುಗಳನ್ನು ಕೊಯ್ಯುತ್ತದೆ. ಒರೆಯನ್ನು ಅಲಗಿನ ಬೆನ್ನು ಇರುವ ಕಡೆಯಿಂದಲೇ ಹಿಡಿಯಿರಿ, ಬೆರಳ ತುದಿಗಳು ಬಾಯಿಯ ಕಡೆಗೆ ಸುತ್ತಿಕೊಳ್ಳದಿರಲಿ. ಅಲಗಿನ ಬಾಯಿಯನ್ನು ಮೇಲಕ್ಕೆ ಮಾಡಿ, ಅದರ ಬೆನ್ನು ಒರೆಯ ಮೇಲೆ ಜಾರುವಂತೆ ನಿಧಾನವಾಗಿ ಎಳೆಯಿರಿ. ಅಲಗು ಕಚ್ಚಿಕೊಂಡು ಬಾರದಿದ್ದರೆ ಜಗ್ಗಾಡಬೇಡಿ. ಒರೆ ಲೋಹದ್ದಾದರೆ ಅದರ ಬಾಯಿಗೆ ನಾಲ್ಕು ಹನಿ ತೆಳ್ಳನೆ ಯಂತ್ರದ ಎಣ್ಣೆ ಬಿಟ್ಟು, ಹಿಡಿ ಮೇಲೆ ಬರುವಂತೆ ನಿಲ್ಲಿಸಿ, ಒಂದು ದಿನ ಕಾಯಿರಿ. ಲೋಹದ ಒರೆಯ ಒಳಗೂ ಮರದ ಅಸ್ತರಿ ಇರುವುದುಂಟು, ಆದ್ದರಿಂದ ಎಣ್ಣೆ ನಾಲ್ಕು ಹನಿಗೇ ನಿಲ್ಲಲಿ. ಒರೆ ಮರದ್ದೋ ಚರ್ಮದ್ದೋ ಆದರೆ ಎಣ್ಣೆಯನ್ನೂ ಬಿಡಬೇಡಿ, ಪರಿಣತರ ಕೈಗೆ ಕೊಡಿ.

ಕೈಗವಸು ನೈಟ್ರೈಲ್‌ನದಾಗಿರಲಿ. ಹತ್ತಿಯ ಬಿಳಿ ಗವಸು ನೋಡಲು ಚೆಂದ, ಆದರೆ ನಯವಾದ ಉಕ್ಕಿನ ಮೇಲೆ ಜಾರುತ್ತದೆ, ಅದರ ನೂಲು ಕಿತ್ತ ರಿವೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಬೆವರೂ ಒಳಗಿನಿಂದ ಇಳಿದು ಲೋಹ ಮುಟ್ಟುತ್ತದೆ. ಬೆವರಿನ ಉಪ್ಪು ಉಕ್ಕಿನ ಮೇಲೆ ಉಳಿದರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ. ಒಳ್ಳೆಯ ಅಲಗುಗಳ ಮೇಲೆ ಕಾಣುವ ಕಪ್ಪು ಬೆರಳ ಗುರುತುಗಳು, ಯಾರೋ ಒಮ್ಮೆ ಮುಟ್ಟಿ ಒರೆಸದೆ ಒರೆಗೆ ಸೇರಿಸಿದ್ದರ ಫಲ.

ಇನ್ನು ದಾಖಲೆ. ಬಟ್ಟೆ ಮುಟ್ಟಿಸುವ ಮೊದಲೇ ಫೋಟೊ ತೆಗೆಯಿರಿ. ಎರಡೂ ಬದಿ ಪೂರ್ತಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು. ಆಮೇಲೆ ಹಿಡಿ, ಕೈಗಾಪಿನ ಒಳಬದಿ, ಅಲಗಿನ ಬೆನ್ನು, ಒರೆಯ ಬಾಯಿ, ಕವಚವಾದರೆ ಅದರ ಒಳಮೈ. ಬೆಳಕನ್ನು ನೇರವಾಗಿ ಬೀಳಿಸದೆ ಒಂದು ಪಕ್ಕದಿಂದ, ಬಹಳ ತಗ್ಗಿನಿಂದ ಬೀಳಿಸಿ. ನೇರ ಬೆಳಕಿನಲ್ಲಿ ಕಾಣದ ಸವೆದ ಅಕ್ಷರ, ಮುದ್ರೆ, ಆಮ್ಲದಿಂದ ಕೊರೆದ ಚಿತ್ತಾರ ಆಗ ನೆರಳಾಗಿ ಎದ್ದು ಬರುತ್ತವೆ. ಕಟ್ಟಿದ ಚೀಟಿ, ದಾರ, ಒರೆಯೊಳಗೆ ತುರುಕಿದ ಕಾಗದ, ಉದುರಿದ ತುಣುಕು ಯಾವುದನ್ನೂ ಎಸೆಯಬೇಡಿ. ಪ್ರತಿಯೊಂದನ್ನೂ ಲಕೋಟೆಗೆ ಹಾಕಿ, ಎಲ್ಲಿಂದ ಬಂತೆಂದು ಬರೆದಿಡಿ.

ಅಳತೆ ತೆಗೆಯುವಾಗ ಉದ್ದಕ್ಕಿಂತ ಮುಖ್ಯವಾದದ್ದು ದಪ್ಪ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಲಗಿನ ಬೆನ್ನಿನ ದಪ್ಪವನ್ನು ಕೈಗಾಪಿನ ಬಳಿ, ನಡುವೆ, ಮೊನೆಗೆ ಒಂದು ಗೇಣು ಮೊದಲು, ಹೀಗೆ ಮೂರು ಕಡೆ ನೋಡಿ. ಯುದ್ಧಕ್ಕೆಂದು ಮಾಡಿದ ಸವಾರರ ಕತ್ತಿ ಹಿಡಿಯ ಬಳಿ 7–8 ಮಿ.ಮೀ. ಇದ್ದು ಮೊನೆಯ ಕಡೆ 2–3 ಮಿ.ಮೀ.ಗೆ ಇಳಿಯುವುದು ಸಾಮಾನ್ಯ. ಬೀಸಿದಾಗ ಕೈಗೆ ಭಾರವಾಗದಿರಲೆಂದು ಕಮ್ಮಾರರು ಹಾಗೆ ತೆಳುವಾಗಿಸುತ್ತಿದ್ದರು. ಗೋಡೆಗೆ ತೂಗುಹಾಕಲೆಂದು ಮಾಡಿದ ಕತ್ತಿಯಲ್ಲಿ ಪಟ್ಟಿ ಕಬ್ಬಿಣವನ್ನು ಹಾಗೇ ಕತ್ತರಿಸಿರುತ್ತಾರೆ, ದಪ್ಪ ಮೊದಲಿನಿಂದ ಕೊನೆಯವರೆಗೆ ಒಂದೇ. ಇದೊಂದೇ ಅಳತೆಯಿಂದ ತೀರ್ಪು ಕೊಡಬಾರದು, ಆದರೆ ಮೊದಲ ಜರಡಿಯಾಗಿ ಇದರಷ್ಟು ಉಪಯುಕ್ತವಾದದ್ದು ಕಡಿಮೆ.

ಗುರುತುಗಳು ಎಲ್ಲಿರುತ್ತವೆ ಎಂದರೆ, ಒಂದೊಂದು ನಾಡಿನದು ಒಂದೊಂದು ಕಡೆ. ಲಂಡನ್ನಿನ ವಿಲ್ಕಿನ್ಸನ್ ಕಂಪನಿ 19ನೆಯ ಶತಮಾನದ ನಡುಭಾಗದಿಂದ ಅಧಿಕಾರಿಗಳ ಕತ್ತಿಗಳ ಬೆನ್ನಿನ ಮೇಲೆ, ಹಿಡಿಯ ಹತ್ತಿರ, ಕ್ರಮಸಂಖ್ಯೆ ಒತ್ತುತ್ತಿತ್ತು. ಆ ಸಂಖ್ಯೆ ಹಿಡಿದು ಕಂಪನಿಯ ಹಳೆಯ ಲೆಕ್ಕಪುಸ್ತಕದಲ್ಲಿ ಕೊಂಡವರ ಹೆಸರನ್ನು ಹುಡುಕಲು ಸಾಧ್ಯ. ಫ್ರಾನ್ಸಿನ 1874ರ ಮಾದರಿಯ ಬಯೋನೆಟ್ ಆದರೆ ಬೆನ್ನಿನ ಮೇಲೇ ಕಾರ್ಖಾನೆ, ತಿಂಗಳು, ವರ್ಷ ಕೆತ್ತಿರುತ್ತದೆ. ಯುರೋಪಿನ ತಗಡು ಕವಚದಲ್ಲಿ ಅಂಚುಗಳ ಬಳಿ ನೋಡಿ: ಆಗ್ಸ್‌ಬರ್ಗ್ ನಗರದ ಗುರುತು ಪೈನ್ ಕಾಯಿ, ನ್ಯೂರೆಂಬರ್ಗ್‌ನದು ಎನ್ ಅಕ್ಷರ. ಬಿಕಾನೇರಿನ ಅರಮನೆಯ ಶಸ್ತ್ರಾಗಾರದಿಂದ ಹೊರಬಂದ ವಸ್ತುಗಳ ಮೇಲೆ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ನಾಗರಿ ಬರಹ ಇರುತ್ತದೆ. ಕೆಲವದರಲ್ಲಿ 1689ರಲ್ಲಿ ಆದೋನಿಯಲ್ಲಿ ವಶವಾದದ್ದೆಂಬ ಸೂಚನೆಯೂ ಉಂಟು. ಗೀರುಗಳೆಂದು ಭಾವಿಸಿ ಉಪ್ಪುಕಾಗದದಿಂದ ಸಮ ಮಾಡಿದರೆ ಅಳಿದುಹೋಗುವುದು ಇಂಥ ಚುಕ್ಕಿಗಳೇ.

ಹೆಸರು ಕಂಡಾಕ್ಷಣ ಹಿಗ್ಗಬೇಡಿ ಎಂಬ ಮಾತನ್ನೂ ಇಲ್ಲೇ ಸೇರಿಸಬೇಕು. ಸ್ಕಾಟ್ಲೆಂಡಿನ ಬುಟ್ಟಿ ಹಿಡಿಯ ಕತ್ತಿಗಳ ಮೇಲೆ ಆಂಡ್ರಿಯಾ ಫೆರಾರಾ ಎಂಬ ಹೆಸರು ಹೇರಳವಾಗಿ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟು ಅಲಗು ಆ ಇಟಲಿಯ ಕಮ್ಮಾರನ ಕಾಲದ ನಂತರ ಜರ್ಮನಿಯ ಸೋಲಿಂಗೆನ್‌ನಲ್ಲಿ ಆದದ್ದು. ಪರ್ಷಿಯಾದ ಅಲಗುಗಳ ಮೇಲಿನ ಅಸದುಲ್ಲಾ ಎಂಬ ಹೆಸರಿನ ಕಥೆಯೂ ಹೀಗೇ. ಒಬ್ಬನ ಬಾಳಿನಲ್ಲಿ ಆಗಲಾರದಷ್ಟು ಅಲಗುಗಳ ಮೇಲೆ ಅದಿದೆ. ಆ ಕಾಲದಲ್ಲಿ ಇವು ಗುಣಮಟ್ಟದ ಛಾಪಾಗಿ ಬಳಕೆಯಲ್ಲಿದ್ದವು. ಅಂಥ ಹೆಸರಿದ್ದ ಮಾತ್ರಕ್ಕೆ ಕತ್ತಿ ನಕಲಿಯಾಗುವುದಿಲ್ಲ, ಆ ಕಮ್ಮಾರನದ್ದೂ ಆಗುವುದಿಲ್ಲ.

ಈಗ ತುಕ್ಕಿಗೆ ಬರೋಣ. ತುಕ್ಕೆಲ್ಲ ಒಂದೇ ಜಾತಿಯಲ್ಲ. ಕಪ್ಪು ಅಥವಾ ಗಾಢ ಕಂದು ಬಣ್ಣದ, ಬೆರಳಿಗೆ ಹತ್ತದ, ಗಟ್ಟಿಯಾಗಿ ಕೂತ ಪದರ ಹಳೆಯ ಉಕ್ಕಿನ ಸಹಜ ಬಣ್ಣ. ಅದು ಹಬ್ಬುವುದಿಲ್ಲ, ಅದನ್ನು ಮುಟ್ಟಬೇಡಿ. ಕಿತ್ತಳೆ ಕೆಂಪಿನ, ಬಿಳಿ ಬಟ್ಟೆಗೆ ಪುಡಿಯಾಗಿ ಅಂಟುವ ತುಕ್ಕು ಈಗಲೂ ಉಕ್ಕನ್ನು ತಿನ್ನುತ್ತಿದೆ. ನಿಲ್ಲಿಸಬೇಕಾದದ್ದು ಅದನ್ನು ಮಾತ್ರ. ಮೂರನೆಯದೊಂದಿದೆ: ಮೇಲ್ಮೈಯಲ್ಲಿ ಹಳದಿ ಕಂದು ಹನಿಗಳು ಮೂಡುತ್ತವೆ, ಒಣಗಿದರೆ ಟೊಳ್ಳು ಗುಳ್ಳೆಗಳಾಗಿ ನಿಲ್ಲುತ್ತವೆ. ಮಣ್ಣಿನಿಂದಲೋ ಸಮುದ್ರದಿಂದಲೋ ಬಂದ ಉಪ್ಪಿನ ಕ್ಲೋರೈಡ್ ಒಳಗೆ ಸೇರಿಕೊಂಡಿರುವ ಲಕ್ಷಣ ಅದು. ಎಣ್ಣೆ, ಮೇಣ ಅದನ್ನು ತಡೆಯುವುದಿಲ್ಲ. ಮೇಲೆ ಮೇಣ ಮೆತ್ತಿದರೂ ಅಡಿಯಲ್ಲಿ ಪದರ ಪದರವಾಗಿ ಸಿಡಿಯುತ್ತಲೇ ಇರುತ್ತದೆ. ಅಂಥದನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಪ್ರಾಚ್ಯವಸ್ತು ಸಂರಕ್ಷಕರ ಬಳಿ ಒಯ್ಯಿರಿ.

ಕಪ್ಪೆಲ್ಲ ತುಕ್ಕೇ ಎಂದುಕೊಳ್ಳುವುದೂ ತಪ್ಪು. ಉಕ್ಕನ್ನು ಕಾಯಿಸಿ ನೀಲಿ ಬರಿಸುವುದು, ರಾಸಾಯನಿಕದಿಂದ ಕಂದು ಬರಿಸುವುದು, ಕವಚಕ್ಕೆ ಕಪ್ಪು ಬಣ್ಣ ಬಳಿಯುವುದು, ಕುಲುಮೆಯಿಂದ ಬಂದ ಕರಿಯನ್ನು ಹಾಗೇ ಉಳಿಸುವುದು, ಇವೆಲ್ಲ ಮಾಡಿದವರು ಬಯಸಿ ಕೊಟ್ಟ ಬಣ್ಣಗಳು. ಜರ್ಮನಿಯ 16ನೆಯ ಶತಮಾನದ ಎಷ್ಟೋ ಕವಚಗಳು ಕಪ್ಪು ಬಿಳುಪಿನ ಪಟ್ಟಿಗಳಾಗಿಯೇ ಹುಟ್ಟಿದವು. ಹೊಳೆಯುವ ಕವಚವೇ ನಿಜವಾದ ಕವಚ ಎಂದು ನಂಬಿದವರು ಇಂಥವನ್ನು ಉಜ್ಜಿ ಬೆಳ್ಳಗೆ ಮಾಡಿದ್ದರಿಂದ, ಮೂಲ ಬಣ್ಣ ಉಳಿದವು ಇವತ್ತು ವಿರಳ.

ಉಕ್ಕಿನ ಅಲಗನ್ನು ಮನೆಯಲ್ಲಿ ಶುಚಿ ಮಾಡುವ ಕ್ರಮವನ್ನು ಹೇಳುತ್ತೇನೆ. ಮೊದಲು ಮೃದುವಾದ ಕುಂಚದಿಂದ ಧೂಳು ತೆಗೆಯಿರಿ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದನ್ನು ಬಿಟ್ಟು ಬಟ್ಟೆ ಎಳೆದರೆ ಗೀರು ಬೀಳುತ್ತದೆ. ಬಳಿಕ ಹಳೆಯ ಜಿಡ್ಡು. ಹತ್ತಿಯ ಉಂಡೆಯನ್ನು ವೈಟ್ ಸ್ಪಿರಿಟ್‌ನಲ್ಲಿ (ಬಣ್ಣ ತೆಳುವಾಗಿಸುವ ಪೆಟ್ರೋಲಿಯಂ ದ್ರಾವಕ, ಮುಂದೆ ಸ್ಪಿರಿಟ್ ಎಂದರೆ ಇದೇ) ಅದ್ದಿ, ಹಿಂಡಿ, ಹಿಡಿಯ ಕಡೆಯಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ, ಬೆನ್ನಿನ ಕಡೆಯಿಂದ ಬೆರಳಿಟ್ಟು ಒರೆಸಿ. ಉಂಡೆ ಕೊಳೆಯಾದ ಕೂಡಲೇ ಬದಲಿಸಿ. ಕಿಟಕಿಗಳು ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಅಸಿಟೋನ್ ಬಳಸಬೇಡಿ. ಹಳೆಯ ವಾರ್ನಿಷ್, ಬಣ್ಣ, ಅರಗು ಎಲ್ಲವನ್ನೂ ಅದು ಕರಗಿಸಿಬಿಡುತ್ತದೆ. ಇಷ್ಟಕ್ಕೇ ಬಹಳ ಅಲಗುಗಳು ತಮ್ಮ ಬಣ್ಣಕ್ಕೆ ಬರುತ್ತವೆ, ಇಲ್ಲಿಗೇ ನಿಲ್ಲಿಸಬಹುದು.

ಕೆಂಪು ತುಕ್ಕು ಉಳಿದಿದ್ದರೆ ಮಾತ್ರ ಮುಂದಿನ ಹಂತ. ಒಂದು ಚದರ ಸೆಂಟಿಮೀಟರ್ ಜಾಗ ಆರಿಸಿ. ಚಿತ್ತಾರ, ಬರಹ, ಚಿನ್ನದ ಕೆಲಸ ಯಾವುದೂ ಅಲ್ಲಿರಬಾರದು. ಅದರ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಒಂದು ದಿನ ನೆನೆಯಲು ಬಿಡಿ. ಮರುದಿನ ಬಿದಿರಿನ ಚೂಪು ಕಡ್ಡಿಯಿಂದ ಕೆರೆದು ನೋಡಿ. ಬಾರದಿದ್ದರೆ ಅಂಚು ಮಟ್ಟ ಮಾಡಿದ ಹಿತ್ತಾಳೆ ಪಟ್ಟಿಯಿಂದ. ಹಿತ್ತಾಳೆ ಉಕ್ಕಿಗಿಂತ ಮೆದು, ಆದ್ದರಿಂದ ತುಕ್ಕನ್ನು ಎಬ್ಬಿಸುತ್ತದೆ, ಅಲಗನ್ನು ಗೀಚುವುದಿಲ್ಲ. ಹಿತ್ತಾಳೆಯ ಹಳದಿ ಗೆರೆ ಉಳಿದರೆ ಸ್ಪಿರಿಟ್ ಬಟ್ಟೆಯಿಂದ ಒರೆಸಿದಾಗ ಬಹುಪಾಲು ಹೋಗುತ್ತದೆ. ಒರೆಸಿ, ಮತ್ತೆ ಎಣ್ಣೆ, ಮತ್ತೆ ಒಂದು ದಿನ. ನಾಲ್ಕಾರು ಸುತ್ತು ಹಿಡಿದರೆ ಹಿಡಿಯಲಿ. ನಾಲ್ಕು ಸೊನ್ನೆಯ ಅತಿ ನಯದ ಸ್ಟೀಲ್ ವೂಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಿತ್ತಾರವಿಲ್ಲದ, ಬಣ್ಣ ಕೊಡದ, ಬೇರೇನೂ ವಿಶೇಷವಿಲ್ಲವೆಂದು ಖಚಿತವಾದ ಸಾದಾ ಸೈನಿಕ ಅಲಗಿನ ಮೇಲೆ, ಎಣ್ಣೆಯೊಂದಿಗೆ, ಒತ್ತದೆ ಬಳಸಬಹುದು. ಜಪಾನಿ ಅಲಗು, ನೀಲಿ ಬಣ್ಣದ ಅಲಗು, ಚಿನ್ನ ಬೆಳ್ಳಿ ಕೂಡಿಸಿದ ಉಕ್ಕು, ಇವುಗಳ ಹತ್ತಿರಕ್ಕೂ ಅದು ಬರಬಾರದು.

ಮಾಡಬಾರದ್ದನ್ನೂ ಕಾರಣ ಸಮೇತ ಹೇಳಬೇಕು. ವಿನೆಗರ್, ನಿಂಬೆರಸ, ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕಗಳು ತುಕ್ಕಿನ ಜೊತೆಗೆ ಕಪ್ಪು ಪದರವನ್ನೂ ತಿಂದು, ಉಕ್ಕನ್ನು ಸತ್ತ ಬೂದು ಬಣ್ಣಕ್ಕೆ ತರುತ್ತವೆ. ಗುಳಿಗಳಲ್ಲಿ ಉಳಿದ ಆಮ್ಲ ಕೆಲವೇ ದಿನಗಳಲ್ಲಿ ಹೊಸ ತುಕ್ಕು ಹುಟ್ಟಿಸುತ್ತದೆ. ತಿರುಗುವ ಪಾಲಿಷ್ ಚಕ್ರ ಇನ್ನೂ ಕೆಟ್ಟದ್ದು. ಅಲಗಿನ ಏಣುಗಳನ್ನು ಅದು ದುಂಡಗೆ ಮಾಡುತ್ತದೆ, ಮುದ್ರೆಗಳನ್ನು ಸವೆಸುತ್ತದೆ, ತೆಳ್ಳನೆ ಬಾಯಿಯನ್ನು ಕಾಯಿಸುತ್ತದೆ. ಉಕ್ಕು ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣಕ್ಕೂ 300ರ ಸುತ್ತ ನೀಲಿಗೂ ತಿರುಗುತ್ತದೆ. ಆ ಬಣ್ಣ ಬಂದ ಜಾಗದಲ್ಲಿ ಕಮ್ಮಾರ ಕೊಟ್ಟ ಗಡಸುತನ ಇಳಿದುಹೋಗಿರಬಹುದು. ಅಡುಗೆ ಎಣ್ಣೆ ಹಚ್ಚಬೇಡಿ, ಅದು ಒಣಗಿ ಅಂಟಾಗಿ ಹುಳಿಯುತ್ತದೆ. ಹಿತ್ತಾಳೆ ಹಿಡಿಗೆ ಅಮೋನಿಯಾ ಇರುವ ಪಾಲಿಷ್ ಬೇಡ. ಅಮೋನಿಯಾ ಎಳೆತದಲ್ಲಿರುವ ಹಿತ್ತಾಳೆಯಲ್ಲಿ ಬಿರುಕು ಹುಟ್ಟಿಸಬಲ್ಲದು, ಪಾಲಿಷಿನ ಬಿಳಿ ಪುಡಿ ಕೆತ್ತನೆಯೊಳಗೆ ಕೂತರೆ ತೆಗೆಯುವುದೂ ಕಷ್ಟ. ಎಷ್ಟೋ ಹಿತ್ತಾಳೆ ಹಿಡಿಗಳ ಮೇಲೆ ತೆಳುವಾದ ಚಿನ್ನದ ಲೇಪ ಇರುತ್ತದೆ, ಅದು ಉಳಿಯುವುದು ಸಂದುಗಳಲ್ಲಿ ಮಾತ್ರ. ಪಾಲಿಷ್ ಹಾಕಿದರೆ ಅದೂ ಹೋಗುತ್ತದೆ.

ಕೊನೆಯ ಲೇಪ ಮೇಣ. ಮೈಕ್ರೋಕ್ರಿಸ್ಟಲೈನ್ ಮೇಣವೆಂದು ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ 1950ರ ದಶಕದಲ್ಲಿ ರೂಪುಗೊಂಡ ರಿನೈಸಾನ್ಸ್ ವ್ಯಾಕ್ಸ್ ಈ ಬಗೆಯದೇ. ಅದರಲ್ಲಿ ಆಮ್ಲವಿಲ್ಲ, ಬೇಕೆಂದಾಗ ವೈಟ್ ಸ್ಪಿರಿಟ್‌ನಿಂದ ತೆಗೆಯಬಹುದು. ಒಂದು ಇಡೀ ಅಲಗಿಗೆ ಕಡಲೆಕಾಳಿನಷ್ಟು ಸಾಕು. ತೆಳ್ಳಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ಮೆತ್ತನೆ ಬಟ್ಟೆಯಿಂದ ಉಜ್ಜಿ. ದಪ್ಪ ಹಚ್ಚಿದರೆ ಸಂದುಗಳಲ್ಲಿ ಬೆಳ್ಳಗೆ ಕೂರುತ್ತದೆ. ಎಣ್ಣೆಗಿಂತ ಮೇಣ ನನಗೆ ಇಷ್ಟವಾಗುವುದಕ್ಕೆ ಕಾರಣವಿದೆ. ಎಣ್ಣೆ ಧೂಳು ಹಿಡಿಯುತ್ತದೆ, ಹರಿದು ಹಿಡಿಯ ಮರಕ್ಕೂ ಒರೆಯ ಚರ್ಮಕ್ಕೂ ಇಳಿಯುತ್ತದೆ. ಜಪಾನಿ ಅಲಗಿಗೆ ಮಾತ್ರ ವಾಡಿಕೆಯಂತೆ ತೆಳ್ಳನೆ ಎಣ್ಣೆಯೇ ಸರಿ.

ಜಪಾನಿ ಕತ್ತಿಯ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಅತಿ ಹೆಚ್ಚು ನಷ್ಟ ಆಗುವುದು ಇದರಲ್ಲೇ. ಹಿಡಿಯೊಳಗೆ ಹೋಗುವ ಅಲಗಿನ ಬಾಲವನ್ನು ನಕಾಗೊ ಎನ್ನುತ್ತಾರೆ. ಅದರ ಮೇಲಿನ ತುಕ್ಕು ಶತಮಾನಗಳಲ್ಲಿ ಮಾಗಿದ್ದು. ಅದರ ಬಣ್ಣ, ನಯ, ಅದರಡಿಯ ಅರದ ಗೆರೆಗಳ ಓಟ ನೋಡಿ ಕಾಲವನ್ನು ಅಂದಾಜು ಮಾಡುತ್ತಾರೆ, ಕಮ್ಮಾರನ ಸಹಿ ಇರುವುದೂ ಅಲ್ಲೇ. ಆ ತುಕ್ಕನ್ನು ಎಂದೂ ತೆಗೆಯಬಾರದು. ತೆಗೆದರೆ ಸಹಿ ಅಸಲಿಯೆಂದು ತೋರಿಸುವ ಮುಖ್ಯ ಸಾಕ್ಷಿಯೇ ಇಲ್ಲವಾಗುತ್ತದೆ. ಹಿಡಿ ಬಿಚ್ಚುವುದಕ್ಕೆ ಅದರಲ್ಲಿರುವ ಬಿದಿರಿನ ಮೊಳೆಯನ್ನು, ಸಣ್ಣ ತುದಿ ಯಾವ ಕಡೆಗಿದೆಯೆಂದು ನೋಡಿ, ಆ ಕಡೆಯಿಂದ ಮೆಲ್ಲಗೆ ತಳ್ಳಬೇಕು. ಎರಡನೆಯ ಮಹಾಯುದ್ಧದ ಸೈನಿಕ ಹಿಡಿ ಕಂಡು ಕಾರ್ಖಾನೆ ಮಾಲೆಂದು ಬದಿಗಿಡಬೇಡಿ. ಎಷ್ಟೋ ಅಧಿಕಾರಿಗಳು ಮನೆತನದ ಹಳೆಯ ಅಲಗನ್ನೇ ಸೈನ್ಯದ ಹಿಡಿಗೆ ಕೂಡಿಸಿಕೊಂಡು ಹೋಗಿದ್ದರು. ಕಿರಿಯ ದರ್ಜೆಯವರಿಗೆ ಕೊಟ್ಟ 95ನೆಯ ಮಾದರಿಯದು ಬೇರೆ. ಅದರ ಹಿಡಿಯನ್ನು ಲೋಹದಲ್ಲಿ ಎರಕ ಹೊಯ್ದು, ದಾರ ಸುತ್ತಿದಂತೆ ಕಾಣುವ ಬಣ್ಣ ಬಳಿದಿರುತ್ತಾರೆ, ಅಲಗಿನ ಮೇಲೆ ಸಂಖ್ಯೆ ಒತ್ತಿರುತ್ತದೆ. ಒರೆಯ ಮೇಲಿನ ಸಂಖ್ಯೆ ಅದಕ್ಕೆ ಹೊಂದಿದರೆ ಬೆಲೆ ಏರುತ್ತದೆ. ಜಪಾನಿ ಅಲಗಿಗೆ ಹೊಳಪು ಕೊಡುವುದು ವರ್ಷಗಟ್ಟಲೆ ಗುರುವಿನ ಬಳಿ ಕಲಿತವರ ಕೆಲಸ. ಪ್ರತಿ ಸಲವೂ ಉಕ್ಕು ಸವೆಯುತ್ತದೆ, ಹೊರಗಿನ ಪದರ ಮುಗಿದರೆ ಒಳತಿರುಳು ಕಾಣುತ್ತದೆ, ಅಲ್ಲಿಗೆ ಆ ಅಲಗು ಬಳಲಿತೆಂದೇ ಲೆಕ್ಕ.

ತಲವಾರಿನಲ್ಲಿ, ಅಂದರೆ ಭಾರತದ ಬಾಗಿದ ಕತ್ತಿಯಲ್ಲಿ, ತಿಳಿದಿರಬೇಕಾದದ್ದು ಹಿಡಿಯ ಒಳಗೆ ಏನಿದೆ ಎಂಬುದು. ಅದರ ಲೋಹದ ಹಿಡಿ ಟೊಳ್ಳು. ಅರಗಿನಂಥ ರಾಳವನ್ನು ಕಾಯಿಸಿ ತುಂಬಿ, ಅಲಗಿನ ಬಾಲವನ್ನು ಅದರಲ್ಲಿ ಕೂರಿಸಿರುತ್ತಾರೆ. ಬಿಸಿನೀರು ಹೊಯ್ದರೆ ರಾಳ ಮೆತ್ತಗಾಗುತ್ತದೆ, ತಣ್ಣೀರು ಒಳಗಿಳಿದರೆ ಕಣ್ಣಿಗೆ ಕಾಣದೆ ಬಾಲ ತುಕ್ಕು ಹಿಡಿಯುತ್ತದೆ. ಆದ್ದರಿಂದ ತಲವಾರನ್ನು ತೊಳೆಯಲೇಬಾರದು. ಹಿಡಿ ಅಲ್ಲಾಡುತ್ತಿದ್ದರೆ ಎಪಾಕ್ಸಿ ಸುರಿಯಬೇಡಿ, ಮುಂದೆ ಯಾರೂ ಅದನ್ನು ಬಿಚ್ಚಲಾರರು. ಸಡಿಲ ಹಿಡಿ ದೋಷವೇನೂ ಅಲ್ಲ, ಹಾಗೆಂದು ಬರೆದಿಟ್ಟರೆ ಸಾಕು. ಹಿಡಿಯ ಮೇಲಿನ ಕೋಫ್ತಗಾರಿ ಕೆಲಸದಲ್ಲಿ ಉಕ್ಕನ್ನು ಅಡ್ಡ ಉದ್ದ ಗೀಚಿ, ಆ ಗೀಚುಗಳಿಗೆ ಚಿನ್ನದ ತಂತಿಯನ್ನೋ ತಗಡನ್ನೋ ಕುಟ್ಟಿ ಕಚ್ಚಿಸಿರುತ್ತಾರೆ. ತುಕ್ಕು ಅಡಿಯಿಂದ ಎದ್ದರೆ ಚಿನ್ನ ಅದರ ಮೇಲೆ ತೇಲುತ್ತಿರುತ್ತದೆ. ಉಜ್ಜಿದರೆ ಎರಡೂ ಒಟ್ಟಿಗೆ ಬಟ್ಟೆಗೆ ಬರುತ್ತವೆ. ಅಲ್ಲಿ ಒಣ ಕುಂಚಕ್ಕಿಂತ ಮುಂದೆ ಹೋಗಬೇಡಿ.

ಉಕ್ಕಿನೊಳಗೇ ನೀರಲೆಯಂಥ ಗೆರೆಗಳಿರುವ ಅಲಗುಗಳು, ಅಂದರೆ ದಕ್ಷಿಣ ಭಾರತದ ಮೂಸೆ ಉಕ್ಕು (ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು) ಯಾವ ಗೆರೆಗಳಿಗೆ ಹೆಸರಾಯಿತೋ ಅವಿರುವ ಅಲಗುಗಳು, ಕಪ್ಪಗಾದ ತಲವಾರುಗಳಲ್ಲಿ ಅಡಗಿರುತ್ತವೆ. ಆ ಗೆರೆ ಉಕ್ಕಿನ ಮೈಯಲ್ಲೇ ಇದೆ, ಕಾಣಿಸುವುದು ಮಾತ್ರ ಹದವಾದ ರಾಸಾಯನಿಕ ಲೇಪದಿಂದ. ಕನ್ನಡಿ ಹೊಳಪು ಕೊಟ್ಟರೆ ಗೆರೆ ಮರೆಯಾಗುತ್ತದೆ, ಕೊಳ್ಳುವವರಿಗೆ ಅದು ಸಾದಾ ಅಲಗಾಗಿ ಕಾಣುತ್ತದೆ. ಸಂಶಯವಿದ್ದರೆ ತುಕ್ಕು ತೆಗೆಯಲು ಮೊದಲು ಆರಿಸಿದ ಆ ಒಂದು ಚದರ ಸೆಂಟಿಮೀಟರಿನ ಜಾಗವನ್ನು ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಗೆರೆಯ ಸುಳಿವು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಮುಂದಿನದು ತಿಳಿದವರ ಪಾಲಿಗೆ.

ಚರ್ಮ. ಚರ್ಮದ ಒರೆಯಲ್ಲಿ ಅಲಗನ್ನು ಇಡಬೇಡಿ. ಹದ ಮಾಡುವಾಗ ಉಳಿದ ಆಮ್ಲ, ಗಾಳಿಯಿಂದ ಹೀರಿದ ತೇವ ಎರಡೂ ಸೇರಿ ಅಲಗನ್ನು ತಿನ್ನುತ್ತವೆ. ಬೇರೆ ಬೇರೆ ಇಡಿ, ಆದರೆ ಒಂದೇ ಪೆಟ್ಟಿಗೆಯಲ್ಲಿ, ಏಕೆಂದರೆ ಒರೆ ಕಳೆದರೆ ಬೆಲೆಯೂ ಕಡಿಮೆಯಾಗುತ್ತದೆ. ಚರ್ಮಕ್ಕೆ ಎಣ್ಣೆ ಹಚ್ಚಿದರೆ ಅದರ ಕೊಬ್ಬು ಹಿತ್ತಾಳೆ ಕಟ್ಟುಗಳ ತಾಮ್ರದೊಂದಿಗೆ ಸೇರಿ ಮೇಣದಂಥ ಹಸಿರು ಕಿಲುಬು ಬೆಳೆಯುತ್ತದೆ. ಅದನ್ನು ಬಿದಿರಿನ ಕಡ್ಡಿಯಿಂದ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿ. ಮುಟ್ಟಿದರೆ ಕೆಂಪು ಪುಡಿ ಉದುರುವ ಚರ್ಮ ಒಳಗೇ ಸತ್ತಿದೆ, ಎಣ್ಣೆ ಅದನ್ನು ಬದುಕಿಸದು. 100 ಮಿ.ಲೀ. ಎಥನಾಲ್‌ಗೆ 2 ಗ್ರಾಂ ಕ್ಲೂಸೆಲ್ ಜಿ ಎಂಬ ಸೆಲ್ಯುಲೋಸ್ ಪುಡಿಯನ್ನು ಕರಗಿಸಿ ಕುಂಚದಿಂದ ಹಚ್ಚಿದರೆ ಪುಡಿ ಹಿಡಿದು ನಿಲ್ಲುತ್ತದೆ. ಮೊದಲು ಹಿಂಬದಿಯಲ್ಲಿ ಪರೀಕ್ಷಿಸಿ, ಕೆಲವು ಚರ್ಮ ಕಪ್ಪಾಗುತ್ತದೆ.

ಕವಚಕ್ಕೆ ಬಂದರೆ, ಲೋಹದ ವಿಷಯದಲ್ಲಿ ಮೇಲಿನ ಮಾತೇ. ಬೇರೆಯಾಗುವುದು ಅದರ ಕೂಡುಕೆಲಸದಲ್ಲಿ. ಪಟ್ಟಿಗಳು, ಕೊಂಡಿಗಳು, ಶಿರಸ್ತ್ರಾಣದ ಒಳಗಿನ ಹತ್ತಿಯ ಮೆತ್ತೆ, ರಿವೆಟ್ಟುಗಳು, ಇವು ಹರಿದಿದ್ದರೂ ಇರಲಿ. ಹರಕು ಮೆತ್ತೆಯನ್ನು ಕಿತ್ತೆಸೆದ ಶಿರಸ್ತ್ರಾಣಗಳೇ ಎಲ್ಲೆಡೆ ಇರುವುದರಿಂದ, ಮೆತ್ತೆ ಉಳಿದದ್ದಕ್ಕೆ ವಿಶೇಷ ಬೆಲೆ. ರಿವೆಟ್ ಬಿಚ್ಚಿ ತಗಡುಗಳನ್ನು ಬೇರ್ಪಡಿಸಬೇಡಿ, ಮತ್ತೆ ಹಾಕಿದ ರಿವೆಟ್ ಹೊಸದೆಂದು ಕಣ್ಣಿಗೇ ಗೊತ್ತಾಗುತ್ತದೆ. ಉಂಗುರ ಕವಚವನ್ನು ಮರಳಿನೊಂದಿಗೆ ಪೀಪಾಯಿಯಲ್ಲಿ ಉರುಳಿಸಿ ಹೊಳೆಸಬಹುದೆಂದು ಹೇಳುವವರಿದ್ದಾರೆ. ಹಳೆಯ ಉಂಗುರಗಳ ರಿವೆಟ್ ಅದರಲ್ಲಿ ಕಿತ್ತುಬರುತ್ತದೆ. ಬಲೆಯ ಮೇಲೆ ಚಪ್ಪಟೆಯಾಗಿ ಹರಡಿ, ಕುಂಚದಿಂದ ಧೂಳು ತೆಗೆದು, ಅಂಗೈಯಗಲ ಅಂಗೈಯಗಲವಾಗಿ ಸ್ಪಿರಿಟ್‌ನಲ್ಲಿ ಒರೆಸಿ. ತೂಗುಹಾಕಬೇಡಿ, ತನ್ನ ಭಾರಕ್ಕೇ ಭುಜದ ಉಂಗುರಗಳು ಬಾಯಿಬಿಡುತ್ತವೆ.

ಕವಚ ಅಸಲಿಯೋ ಎಂದು ನೋಡಲು ಅದನ್ನು ಮಗುಚಿ. ಕೈಯಿಂದ ಬಡಿದದ್ದಾದರೆ ಒಳಮೈಯಲ್ಲಿ ಸುತ್ತಿಗೆಯ ಏಟಿನ ಗುರುತು ಇರುತ್ತದೆ, ಎದೆಯ ನಡುವೆ ದಪ್ಪವಿದ್ದು ಪಕ್ಕಗಳಲ್ಲಿ ತೆಳುವಾಗುತ್ತದೆ. ಎಲ್ಲೆಡೆ ಒಂದೇ ದಪ್ಪವಿದ್ದರೆ ಗಿರಣಿಯಲ್ಲಿ ಉರುಳಿದ ತಗಡು. ಬೆಸುಗೆಯ ನೇರ ಗೆರೆ, ತಲೆಯಲ್ಲಿ ಪ್ಲಸ್ ಆಕಾರದ ಗೀರಿರುವ ತಿರುಪು ಕಂಡರೆ 20ನೆಯ ಶತಮಾನದ ಕೈವಾಡ. ಆದರೆ 19ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನ ಅರ್ನ್ಸ್ಟ್ ಶ್ಮಿಟ್‌ನಂಥವರ ಕಾರ್ಯಾಗಾರದಿಂದ ಬಂದ ಪ್ರತಿಗಳು ಎಷ್ಟು ಚೆನ್ನಾಗಿವೆಯೆಂದರೆ, ಈಗ ಅವೂ ತಮ್ಮ ಲೆಕ್ಕದಲ್ಲೇ ಸಂಗ್ರಹಕ್ಕೆ ತಕ್ಕವು. ಯುರೋಪಿನ ಉಂಗುರ ಕವಚದಲ್ಲಿ ರಿವೆಟ್ ಇಲ್ಲದೆ ಬರೀ ತುದಿ ಕೂಡಿಸಿದ ಉಂಗುರಗಳಿದ್ದರೆ ಹೊಸದೆಂದು ಶಂಕಿಸಬೇಕು. ಭಾರತ, ಪರ್ಷಿಯಾಗಳ 19ನೆಯ ಶತಮಾನದ ಮೆರವಣಿಗೆ ಕವಚಗಳಲ್ಲಿ ಅದು ಸಾಮಾನ್ಯ. ಒಂದು ನಾಡಿನ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿಯಬಾರದು.

ಇಡುವ ಜಾಗದ ಬಗ್ಗೆ ಎರಡೇ ಮಾತು. ಗಾಳಿಯ ತೇವ ಶೇಕಡಾ 50ರ ಒಳಗಿರಲಿ, ಅಗ್ಗದ ತೇವಮಾಪಕ ಒಂದನ್ನು ಪಕ್ಕದಲ್ಲಿಡಿ. ಓಕ್ ಮರ, ಎಂ.ಡಿ.ಎಫ್. ಹಲಗೆಗಳು ಆಮ್ಲದ ಆವಿ ಬಿಡುತ್ತವೆ, ಉಣ್ಣೆಯ ಬಟ್ಟೆ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಗುಳ್ಳೆ ಪ್ಲಾಸ್ಟಿಕ್ ಸುತ್ತಿಟ್ಟರೆ ಗುಳ್ಳೆಗಳ ಅಚ್ಚು ಲೋಹದ ಮೇಲೆ ಉಳಿಯುತ್ತದೆ. ತೊಳೆದ ಹತ್ತಿ ಬಟ್ಟೆ ಅಥವಾ ಆಮ್ಲರಹಿತ ಕಾಗದ ಸಾಕು. ಆರು ತಿಂಗಳಿಗೊಮ್ಮೆ ತೆಗೆದು ನೋಡಿ.

ಇನ್ನು ಬೆಲೆ. ಮೊದಲು ತಿಳಿಯಬೇಕಾದದ್ದು, ಬೆಲೆ ಎಂಬುದು ಒಂದಲ್ಲ. ವಿಮೆಗೆ ಬರೆಸುವುದು, ಕಳೆದರೆ ಅಂಥದ್ದನ್ನೇ ಅಂಗಡಿಯಿಂದ ಕೊಳ್ಳಲು ಬೇಕಾಗುವ ಮೊತ್ತ, ಎಲ್ಲಕ್ಕಿಂತ ಹೆಚ್ಚಿನದು. ಹರಾಜಿನ ಅಂದಾಜು ಅದಕ್ಕಿಂತ ಕಡಿಮೆ. ವ್ಯಾಪಾರಿ ಕೈಮೇಲೆ ಕೊಡುವ ಹಣ ಇನ್ನೂ ಕಡಿಮೆ, ಏಕೆಂದರೆ ಅವರಿಗೆ ಮಾರಲು ಎಡೆ ಬೇಕು. ಆಸ್ತಿ ಹಂಚಿಕೆಗೆ ವಿಮೆಯ ಮೊತ್ತ ಹಿಡಿದು ಲೆಕ್ಕ ಹಾಕಿದರೆ, ಕತ್ತಿ ತೆಗೆದುಕೊಂಡವರಿಗೆ ಅನ್ಯಾಯವಾಗುತ್ತದೆ. ಯಾವ ಉದ್ದೇಶಕ್ಕೆ ಎಂದು ಹೇಳಿಯೇ ಬೆಲೆ ಕೇಳಿ. ಬೆಲೆ ಕಟ್ಟಿದವರೇ ಆ ಗಳಿಗೆಯಲ್ಲಿ ಕೊಳ್ಳಲು ಮುಂದಾದರೆ, ಇನ್ನೊಬ್ಬರನ್ನು ಕೇಳುವವರೆಗೆ ತಡೆಯಿರಿ.

ಬೆಲೆ ಏರಿಸುವುದು ಮುಖ್ಯವಾಗಿ ದಾಖಲೆ. ಟಿಪ್ಪುವಿನ ಶಯನಾಗಾರದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್ಹಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೂ ಮೇಲೆ ಹೋಯಿತು. ಮುಂಚಿನ ಅಂದಾಜು 15ರಿಂದ 20 ಲಕ್ಷ ಪೌಂಡ್ ಇತ್ತು. ಕತ್ತಿಯ ಕೆಲಸಗಾರಿಕೆ ಉತ್ತಮವೇ, ಆದರೆ ಆ ಮೊತ್ತ ತಂದದ್ದು 1799ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಕೈಗೆ ಬಂದಲ್ಲಿಂದ ಹಿಡಿದು ಅದರ ಬೆನ್ನಿಗಿದ್ದ ಚರಿತ್ರೆ. ಸಾಮಾನ್ಯ ಕತ್ತಿಗೂ ನಿಯಮ ಅದೇ, ಅಳತೆ ಮಾತ್ರ ಚಿಕ್ಕದು. ಮಾಲೀಕರ ಹೆಸರು, ಪದಕ, ಪತ್ರ, ಕತ್ತಿ ಕಟ್ಟಿಕೊಂಡ ಫೋಟೊ ಒಟ್ಟಿಗಿದ್ದರೆ ಒಂದಕ್ಕೊಂದು ಬೆಲೆ ತರುತ್ತವೆ. ಅಣ್ಣನಿಗೆ ಕತ್ತಿ, ತಂಗಿಗೆ ಪದಕ ಎಂದು ಹಂಚಿದರೆ ಎರಡೂ ಅನಾಥ. ಮನೆಯಲ್ಲಿ ಹೇಳುತ್ತಾ ಬಂದ ಕಥೆಯನ್ನು ಹೇಳಿದವರ ಹೆಸರು, ದಿನಾಂಕದೊಂದಿಗೆ ಬರೆದಿಡಿ. ಅದು ಪುರಾವೆಯಲ್ಲ, ಆದರೆ ಪುರಾವೆ ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ.

ಕೆಲವು ನಿರಾಸೆಗಳಿಗೂ ಸಿದ್ಧರಾಗಿರಿ. ಹಿಡಿಯ ತುದಿಯಲ್ಲಿ ಶಿರಸ್ತ್ರಾಣ ತೊಟ್ಟ ಯೋಧನ ತಲೆ, ಅಲಗಿನ ಮೇಲೆ ಶಿಲುಬೆ, ಮಾಲೀಕರ ಹೆಸರು ಇರುವ ಅಮೆರಿಕದ ಕತ್ತಿಗಳು ಬಹುಪಾಲು ಸಹೋದರ ಸಂಘಗಳೆಂಬ ಸದಸ್ಯರ ಕೂಟಗಳ ಸಮಾರಂಭದವು, ಯುದ್ಧ ಕಂಡವಲ್ಲ. ಅವು ಸಾವಿರಗಟ್ಟಲೆ ಉಳಿದಿವೆ. ಅಲಗಿನ ಬುಡದಲ್ಲಿ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದ್ದರೆ ಅದು ರಫ್ತಿಗೆಂದು ಮಾಡಿದ ಅಲಂಕಾರದ ವಸ್ತುವಾಗಿರುವ ಸಂಭವ ಹೆಚ್ಚು.

ಬೆಲೆ ಹೋಲಿಸುವಾಗ ಅಂಗಡಿಗಳು ಕೇಳುತ್ತಿರುವ ಬೆಲೆ ನೋಡಬೇಡಿ, ಹರಾಜುಗಳಲ್ಲಿ ಮಾರಾಟವಾದ ಬೆಲೆ ನೋಡಿ. ಒಂದೇ ಮಾದರಿಯ, ಒರೆ ಇರುವ, ಸ್ಥಿತಿ ಹೋಲುವ ನಾಲ್ಕೈದು ಸಿಗುವವರೆಗೆ ಹುಡುಕಿ. ಸುತ್ತಿಗೆ ಬಿದ್ದ ಬೆಲೆ, ಅಂದರೆ ಹರಾಜಿನ ಕೂಗು ನಿಂತ ಬೆಲೆ, ಸಾವಿರ ಎಂದುಕೊಳ್ಳಿ. ಕೊಂಡವರ ಮೇಲೆ ಶೇಕಡಾ 25 ಶುಲ್ಕ ಬಿದ್ದರೆ ಅವರು ಕೊಡುವುದು 1,250. ನಿಮ್ಮ ಮೇಲಿನ ಕಮಿಷನ್ ಶೇಕಡಾ 15 ಆದರೆ ಕೈಗೆ ಬರುವುದು 850, ಅದರಲ್ಲೂ ಫೋಟೊ, ವಿಮೆ, ಸಾಗಣೆ ಕಳೆಯಬಹುದು. ಪ್ರಕಟವಾದ ಬೆಲೆಯಲ್ಲಿ ಶುಲ್ಕ ಸೇರಿದೆಯೋ ಇಲ್ಲವೋ ಎಂಬುದನ್ನು ಪ್ರತಿ ಸಲ ನೋಡಿಕೊಳ್ಳಿ.

ಮಾರುವ ಯೋಚನೆಯಿದ್ದರೆ ಹಿಡಿ ಯಾವುದರದ್ದು ಎಂದು ಮೊದಲು ಖಚಿತಪಡಿಸಿಕೊಳ್ಳಿ. ದಂತ, ಘೇಂಡಾಮೃಗದ ಕೊಂಬು ಇದ್ದರೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ 1975ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಕಾರಣ ಗಡಿ ದಾಟಿಸಲು ಪರವಾನಗಿ ಬೇಕು, ಹಲವು ದೇಶಗಳಲ್ಲಿ ಒಳಗೆ ಮಾರುವುದಕ್ಕೂ ನಿಷೇಧವೋ ಕಟ್ಟುಪಾಡೋ ಇದೆ. ದಂತವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಡ್ಡ ಕೊಯ್ದ ತುದಿಯಲ್ಲಿ ಒಂದನ್ನೊಂದು ದಾಟುವ ಬಾಗುಗೆರೆಗಳು ಕಾಣುತ್ತವೆ. ಮೂಳೆಯಲ್ಲಿ ಕಾಣುವುದು ಸಣ್ಣ ಕಪ್ಪು ಚುಕ್ಕಿಗಳು, ರಕ್ತನಾಳ ಹೋದ ದಾರಿಗಳು. ಕಾದ ಸೂಜಿ ಚುಚ್ಚಿ ಪರೀಕ್ಷಿಸುವವರಿದ್ದಾರೆ. ಆ ತೂತು ಶಾಶ್ವತ, ಹಾಗೆ ಮಾಡಲು ಬಿಡಬೇಡಿ. ಆಯುಧ ಇಟ್ಟುಕೊಳ್ಳುವ, ಪ್ರಾಚ್ಯವಸ್ತುವನ್ನು ಹೊರಗೆ ಕಳಿಸುವ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಹರಾಜಿನವರಿಗೆ ವಸ್ತು ಒಪ್ಪಿಸುವ ಮೊದಲು ಮೂರು ವಿಷಯ ಬರಹದಲ್ಲಿ ಕೇಳಿ ಪಡೆಯಿರಿ: ಕನಿಷ್ಠ ಬೆಲೆ ಎಷ್ಟೆಂದು ಗೊತ್ತುಮಾಡಿದ್ದಾರೆ, ಮಾರಾಟವಾಗದಿದ್ದರೆ ಏನು ತೆರಬೇಕು, ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಶುಚಿ ಮಾಡುವುದಿಲ್ಲ ಎಂಬ ಮಾತು.